ಗೋಕಾಕದ ಗೊಂಬೆ ಮತ್ತು ಮಣ್ಣಿನ ಋಣ



ಗೋಕಾಕವೆಂದೊಡನೆ ಹೊರನಾಡಿನವರಿಗೆ ನೆನಪಾಗುವುದು ಜಲಪಾತ ಮತ್ತು ಕರದಂಟು. ಆದರೆ ಈ ಊರಿಗೆ ಮೂರನೆಯದೊಂದು ಕೀರ್ತಿಯೂ ಉಂಟು. ಅದು ಇಲ್ಲಿನ ಬಣ್ಣದ ಗೊಂಬೆಗಳದು. ನಿಜವಾದ ಹಣ್ಣೆಂದು ಮಗು ಬಾಯಿಗಿಡುವಂಥ ಮಾವು, ಬಾಳೆ, ಸೀತಾಫಲಗಳನ್ನು ಮಾಡಿ ಬಣ್ಣ ಹಚ್ಚಿದವರು ಇಲ್ಲಿನ ಜೀನಗಾರರು. ಜೀನು ಎಂದರೆ ಕುದುರೆಯ ತಡಿ. ತಡಿ ಮಾಡುವ ಕಾಯಕದಿಂದ ಹೆಸರು ಪಡೆದ ಈ ಮನೆತನಗಳು ಮರದ ಕೆತ್ತನೆ ಹಾಗೂ ಚಿತ್ರಲೇಖನಗಳಲ್ಲಿಯೂ ಪ್ರವೀಣವಾಗಿದ್ದವು.

1908ರಲ್ಲಿ ಪ್ರಕಟವಾದ ಇಂಪೀರಿಯಲ್ ಗೆಜೆಟಿಯರ್ ಗೋಕಾಕವನ್ನು ಕುರಿತು ಬರೆಯುವಾಗ ನೇಯ್ಗೆ, ಬಣ್ಣಗಾರಿಕೆ ಮತ್ತು ಕಾಗದದ ಉದ್ಯೋಗಗಳೊಡನೆ ಈ ಗೊಂಬೆಗಳನ್ನೂ ಹೆಸರಿಸಿದೆ. ಅವು ಹಗುರವಾದ ಕಟ್ಟಿಗೆಯಿಂದಲೂ ಊರಿನ ಸುತ್ತಲಲ್ಲಿಯೇ ದೊರೆಯುವ ಒಂದು ವಿಶಿಷ್ಟ ಮಣ್ಣಿನಿಂದಲೂ ತಯಾರಾಗುತ್ತವೆಂಬುದು ಅದರ ಒಕ್ಕಣೆ. ಸುತ್ತಲಿನ ಮಣ್ಣು ಎಂಬ ಈ ಮಾತನ್ನು ತಾವು ಗಮನಿಸಬೇಕು. ಈ ಗೊಂಬೆಯ ಗುಟ್ಟು ಕೈಚಳಕದಲ್ಲಿ ಎಷ್ಟಿದೆಯೋ ನೆಲದಲ್ಲಿಯೂ ಅಷ್ಟೇ ಇದೆ.

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಉತ್ತರ ಅಮೇರಿಕೆಯ ಬಯಲುಸೀಮೆಯಲ್ಲಿ ಬ್ಲ್ಯಾಕ್‌ಫುಟ್ ಎಂಬ ಮೂಲನಿವಾಸಿಗಳಿದ್ದಾರೆ. ಅವರು ತಮ್ಮ ಗುಡಾರದ ಕೆಳ ಅಂಚಿನಲ್ಲಿ ಭೂಮಿಯನ್ನೂ ಬೆಟ್ಟಗಳ ಸಾಲನ್ನೂ, ಮೇಲ್ತುದಿಯಲ್ಲಿ ನಕ್ಷತ್ರಗಳ ಆಕಾಶವನ್ನೂ ಬರೆಯುತ್ತಾರೆ. ಅಂಥ ಚಿತ್ರವನ್ನು ಬರೆಯುವ ಅಧಿಕಾರ ವಿಧಿಪೂರ್ವಕವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಸಲ್ಲಬೇಕು. ಕೆನಡಾ ದೇಶದ ಮಿಲ್ಕ್ ನದಿಯ ದಂಡೆಯ ಮರಳುಗಲ್ಲಿನ ಬಂಡೆಗಳ ಮೇಲೆ ಅವರ ಪೂರ್ವಜರು ಕೊರೆದ, ಕೆಮ್ಮಣ್ಣಿನಿಂದ ಬರೆದ ಚಿತ್ರಗಳಿವೆ. ಐಸಿನೈಪಿ ಎಂಬ ಆ ಪುಣ್ಯಸ್ಥಳವು 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಘಟಪ್ರಭೆಯು 170 ಅಡಿ ಧುಮುಕುವುದೂ ಮರಳುಗಲ್ಲಿನ ಬಂಡೆಯಿಂದಲೇ. ಎಲ್ಲಿಯ ಜನ, ಎಲ್ಲಿಯ ನದಿ! ಆದರೂ ಕಲೆಗೆ ನೆಲವೇ ತಾಯಿಯೆಂಬ ತಿಳಿವು ಎರಡೂ ಕಡೆ ಒಂದೇ.

ನಮ್ಮಲ್ಲಿ ಈ ತಿಳಿವು ಕುಶಲಕರ್ಮಿಗಳ ಮನೆಗಷ್ಟೇ ಮೀಸಲಾಗಿಲ್ಲ. ಹುಕ್ಕೇರಿಯಿಂದ ಗೋಕಾಕ, ಮೂಡಲಗಿಯವರೆಗೆ ಯಾವ ಹಳ್ಳಿಗೆ ಹೋದರೂ ಮಳೆಗಾಲವೆಂದರೆ ಮಣ್ಣಿನ ಪೂಜೆಯ ಕಾಲ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಶ್ರಾವಣದ ಪಂಚಮಿಗೆ ನಾಗಪ್ಪ. ಭಾದ್ರಪದದಲ್ಲಿ ಮೊದಲು ಗಣಪ, ಅವನ ಹಿಂದೆಯೇ ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ಮುಂಗಾರಿಗೆ ನೆಲ ಹದವಾದಾಗ ಮೊದಲಾಗುವ ಈ ಸಾಲು, ಬೆಳೆ ತೆನೆಗಟ್ಟುವ ಹೊತ್ತಿಗೆ ಮುಗಿಯುತ್ತದೆ. ಒಕ್ಕಲಿಗನಿಗೆ ಇದು ಬರೆಯದ ಪಂಚಾಂಗ.

ಈ ಮೂರ್ತಿಗಳನ್ನು ಕಾಪಿಟ್ಟುಕೊಳ್ಳುವ ಪದ್ಧತಿ ಇಲ್ಲ. ಪೂಜೆಯಾದ ಮೇಲೆ ಅವು ನೀರಿಗೋ ಹೊಲಕ್ಕೋ ಸೇರಿ ಮತ್ತೆ ಮಣ್ಣಾಗುತ್ತವೆ. ಪಡೆದುದನ್ನು ಪಡೆದಲ್ಲಿಗೇ ಒಪ್ಪಿಸುವುದು ಅದರ ಅರ್ಥ. ವಸ್ತುವನ್ನು ಕೂಡಿಡುವ ವಸ್ತುಸಂಗ್ರಹಾಲಯದ ದೃಷ್ಟಿಗೆ ಇದು ನಷ್ಟವೆನಿಸಬಹುದು. ಆದರೆ ಮೂರ್ತಿ ಕರಗಿದರೂ ವಿದ್ಯೆ ಉಳಿಯುತ್ತದೆ, ಏಕೆಂದರೆ ಮರುವರ್ಷ ಮತ್ತೆ ಮಾಡಲೇಬೇಕು. ಮಾಡುವ ಮೊಮ್ಮಗಳ ಕೈಯನ್ನು ಅಜ್ಜಿ ತಿದ್ದಲೇಬೇಕು.

ಇಂದು ಕುಂದು ಬಂದಿರುವುದು ಇಲ್ಲಿಯೇ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರ್ ಮೂರ್ತಿ ಪೇಟೆಯಿಂದ ಬರುತ್ತದೆ. ಅದಕ್ಕೆ ಊರಿಲ್ಲ, ಋತುವಿಲ್ಲ, ನೀರಿನಲ್ಲಿ ಸುಲಭವಾಗಿ ಕರಗುವ ಗುಣವೂ ಇಲ್ಲ. ಹೊಲದಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದುದನ್ನು ಆಕ್ಷೇಪಿಸುವಂತಿಲ್ಲ. ಆದರೆ ಮಣ್ಣೆತ್ತನ್ನೂ ಕೊಂಡು ತರುವ ಮನೆಯಲ್ಲಿ ಮಗುವಿಗೆ ತನ್ನ ಹೊಲದ ಎರೆಮಣ್ಣಿನ ಹದ ತಿಳಿಯುವುದೆಂತು? ಪ್ಲಾಸ್ಟಿಕ್ ಹಣ್ಣುಗಳು ಅಗ್ಗವಾಗಿ ದೊರೆಯುವಾಗ ಗೋಕಾಕದ ಹಣ್ಣಿಗೆ ಬೆಲೆ ತೆರುವವರಾರು? ಕೊಳ್ಳುವವರಿಲ್ಲದೆ ಕೈಕೆಲಸ ನಿಂತರೆ, ಗೆಜೆಟಿಯರಿನ ಒಂದು ಸಾಲು ಮಾತ್ರ ಉಳಿದೀತು.

ಆದುದರಿಂದ ವಾಚಕರಲ್ಲಿ, ವಿಶೇಷವಾಗಿ ಮಠದಲ್ಲಿ ಓದಿ ಇಂದು ನಗರಗಳಲ್ಲಿ ನೆಲೆಸಿರುವವರಲ್ಲಿ ನಮ್ಮದೊಂದು ಅರಿಕೆ. ಬರುವ ಜ್ಯೇಷ್ಠದಲ್ಲಿ ಊರಿಗೆ ಬನ್ನಿರಿ. ತಮ್ಮ ಹೊಲದ ಒಂದು ಹಿಡಿ ಮಣ್ಣನ್ನು ಮಕ್ಕಳ ಕೈಗೆ ಕೊಟ್ಟು ಎತ್ತುಗಳನ್ನು ಮಾಡಿಸಿರಿ. ಕೋಡು ಸೊಟ್ಟಗಾದರೂ ಚಿಂತೆಯಿಲ್ಲ. ಮರಳಿ ಹೋಗುವಾಗ ಜೀನಗಾರರ ಮನೆಯಿಂದ ಒಂದು ಗೊಂಬೆಯನ್ನು ಕೊಂಡೊಯ್ಯಿರಿ. ಕಾಯಕಕ್ಕೆ ಸಲ್ಲುವ ಗೌರವವೆಂದರೆ ತಕ್ಕ ಬೆಲೆಯೇ ಹೊರತು ಬರಿಯ ಹೊಗಳಿಕೆಯಲ್ಲ.