ಹವಾಯಿಯ ಗಿಟಾರು, ಜೈಪುರದ ಮೋಹನವೀಣೆ

ಜೈಪುರದ ವಿಶ್ವಮೋಹನ ಭಟ್ಟರೂ ಅಮೆರಿಕದ ರೈ ಕೂಡರರೂ ಜೊತೆಯಾಗಿ ನುಡಿಸಿ 1993ರಲ್ಲಿ ಹೊರತಂದ ‘ಎ ಮೀಟಿಂಗ್ ಬೈ ದ ರಿವರ್’ ಧ್ವನಿಮುದ್ರಿಕೆಯನ್ನು ಪೂರ್ವ–ಪಶ್ಚಿಮಗಳ ಬೆಸುಗೆಯೆಂದು ಹೊಗಳುವುದು ವಾಡಿಕೆಯಾದರೂ, ಇಬ್ಬರ ಕೈಯಲ್ಲಿದ್ದ ವಿದ್ಯೆಯ ಜಾಡು ಹಿಡಿದು ಹೊರಟರೆ ಅದು ದೂರದೂರಿನ ನೆಂಟರ ಭೇಟಿಯಾಗಿ ಕಾಣುತ್ತದೆ.

1830ರ ದಶಕದಲ್ಲಿ ಹವಾಯಿ ದ್ವೀಪಗಳಿಗೆ ದನಗಾಹಿಗಳಾಗಿ ಬಂದ ಮೆಕ್ಸಿಕೋದವರು ಗಿಟಾರನ್ನು ತಂದರು. ದ್ವೀಪವಾಸಿಗಳು ಅದರ ತಂತಿಗಳನ್ನು ಸಡಿಲಿಸಿ ತಮ್ಮದೇ ಶ್ರುತಿಗಳನ್ನು ಕಟ್ಟಿಕೊಂಡರು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುವ ಕ್ರಮವನ್ನು ಶತಮಾನದ ಕೊನೆಯ ಭಾಗದಲ್ಲಿ ರೂಢಿಗೆ ತಂದವನು ಜೋಸೆಫ್ ಕೆಕುಕು ಎಂಬ ಹುಡುಗನೆಂದು ಪ್ರತೀತಿ. 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ನಂತರ ಈ ನಾದ ಅಮೆರಿಕವನ್ನೆಲ್ಲ ಆವರಿಸಿತು. ಅಷ್ಟರಲ್ಲಾಗಲೇ ಅಲ್ಲಿನ ದಕ್ಷಿಣದ ಕಪ್ಪುಜನರ ಬ್ಲೂಸ್ ಗಾಯಕರು ಚಾಕುವನ್ನೋ ಬಾಟಲಿಯ ಕತ್ತನ್ನೋ ತಂತಿಯ ಮೇಲೆ ಜಾರಿಸುತ್ತಿದ್ದರು. ಇದಕ್ಕೆ ಆಫ್ರಿಕಾದ ಏಕತಂತಿ ವಾದ್ಯಗಳ ಋಣವೂ ಉಂಟೆಂದು ವಿದ್ವಾಂಸರು ಹೇಳುತ್ತಾರೆ. ಕೂಡರರ ಕೈಗೆ ಬಂದದ್ದು ಈ ಕವಲು.

ಇನ್ನೊಂದು ಕವಲು ಕಲ್ಕತ್ತೆಗೆ ಹರಿಯಿತು. ಹವಾಯಿಯಲ್ಲಿ ಬೆಳೆದ ಟಾವ್ ಮೋ ತಮ್ಮ ಕುಟುಂಬದೊಡನೆ ಲೋಕಸಂಚಾರ ಮಾಡುತ್ತ 1940ರ ದಶಕದಲ್ಲಿ ಅಲ್ಲಿ ನೆಲಸಿ, ಈ ವಾದನವನ್ನು ಹಬ್ಬಿಸಿದರು. ಭಾರತೀಯರಿಗೆ ಅದು ಬೇಗ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ: ಸಾಮಾನ್ಯ ಗಿಟಾರಿನ ಮೆಟ್ಟಿಲುಗಳು ಸ್ವರಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿದರೆ, ಜಾರುವ ಉಕ್ಕು ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆ ಕಡಿಯದೆ ಸಾಗುವ ಮೀಂಡನ್ನು ಸಲೀಸಾಗಿ ಹೊಮ್ಮಿಸುತ್ತದೆ, ಮೆಟ್ಟಿಲಿಲ್ಲದ ಗೋಟುವಾದ್ಯ ಮತ್ತು ವಿಚಿತ್ರವೀಣೆಗಳಲ್ಲಿ ಈ ಕೌಶಲ ಮೊದಲೇ ಇತ್ತು. ಬ್ರಿಜಭೂಷಣ ಕಾಬ್ರಾ ಗಿಟಾರಿಗೆ ರಾಗಸಂಗೀತದ ವೇದಿಕೆಯಲ್ಲಿ ಮರ್ಯಾದೆ ತಂದರು. ರವಿಶಂಕರರ ಶಿಷ್ಯರಾದ ಭಟ್ಟರು ಶ್ರುತಿಯ ತಂತಿಗಳನ್ನೂ, ಮೀಟದೆಯೇ ಮಿಡಿಯುವ ತರಬ್ ತಂತಿಗಳನ್ನೂ ಸೇರಿಸಿ ಅದನ್ನು ಮೋಹನವೀಣೆಯಾಗಿಸಿದರು.

1992ರ ಸೆಪ್ಟೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಪ್ರಾರ್ಥನಾಮಂದಿರವೊಂದರಲ್ಲಿ, ಪರಿಚಯವಾಗಿ ಒಂದು ಗಂಟೆಯೂ ತುಂಬದೆ ಭಟ್ಟರೂ ಕೂಡರರೂ ನುಡಿಸತೊಡಗಿದರು. ಆ ಧ್ವನಿಮುದ್ರಿಕೆಗೆ ಸಂದ ಗ್ರ್ಯಾಮಿ ಪ್ರಶಸ್ತಿಗಿಂತ ದೊಡ್ಡ ಸಂಗತಿಯೆಂದರೆ, ಒಬ್ಬರ ಎಳೆತ ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ತೊಡಗಿತು ಎಂಬುದು ಹಲವೆಡೆ ಕಿವಿಗೆ ಸಿಕ್ಕದಿರುವುದು. ಅಲ್ಲಿರುವ ನಾಲ್ಕು ಕೃತಿಗಳಲ್ಲಿ ಕೊನೆಯದು ರಾಗವೂ ಅಲ್ಲ, ಬ್ಲೂಸೂ ಅಲ್ಲ. ಶಾಂತಸಾಗರದ ಫಿಜಿ ದ್ವೀಪದವರು ಬೀಳ್ಕೊಡುವಾಗ ಹಾಡುವ ‘ಇಸಾ ಲೇಯಿ’.