ವರ್ಕ್ ಫ್ರಂ ಹೋಮ್: ಕೂತಿರುವುದು ಉಪ್ಪಳದಲ್ಲಿ, ಗಡಿಯಾರ ದುಬೈಯದ್ದು

ಮನೆಯಲ್ಲೇ ಕೂತು ಕಂಪೆನಿಯ ಕೆಲಸ ಮಾಡಿಕೊಡುವುದಕ್ಕೆ ವರ್ಕ್ ಫ್ರಂ ಹೋಮ್ ಅಂತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ತಲಪಾಡಿ ಗಡಿ ಮುಚ್ಚಿದಾಗ, ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಿಂದ ದಿನಾ ಮಂಗಳೂರಿಗೆ ಹೋಗಿ ಬರುತ್ತಿದ್ದ ಕಂಪ್ಯೂಟರ್ ಕೆಲಸದವರಿಗೆ ಉಳಿದದ್ದು ಇದೊಂದೇ ದಾರಿ. ಗಡಿ ತೆರೆದ ಮೇಲೂ ಕೆಲವರು ಮನೆಯಲ್ಲೇ ಉಳಿದರು. ಅಕೌಂಟ್ಸ್, ಡಿಸೈನ್, ಡಾಟಾ ಎಂಟ್ರಿ, ಟ್ರಾವೆಲ್ ಬುಕಿಂಗ್, ಆನ್‌ಲೈನ್ ಟ್ಯೂಷನ್ ಹೀಗೆ ಕೆಲಸ ಬೇರೆ ಬೇರೆ. ಗಲ್ಫ್‌ನ ಆಫೀಸುಗಳಿಗೆ ಇಲ್ಲಿಂದಲೇ ಲೆಕ್ಕ ಬರೆದು ಕೊಡುವವರೂ ಉಂಟು.

ಹೆಸರು ಹೊಸತು, ಕೆಲಸದ ರೀತಿ ಹೊಸತಲ್ಲ. ಈ ಭಾಗದ ಎಷ್ಟೋ ಮನೆಗಳಲ್ಲಿ ಉಮ್ಮಂದಿರು ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದಾರೆ. ಎಲೆ, ಹೊಗೆಸೊಪ್ಪು, ನೂಲು ಮನೆಗೆ ತಂದು, ಕಟ್ಟಿದ ಬೀಡಿಯನ್ನು ಬ್ರಾಂಚ್‌ಗೆ ಕೊಟ್ಟು ಬರುವುದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲಿ ಹೀಗೆ ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದೇ ಸೇರಿಸಲಾಯಿತು. ಆದರೆ ಮನೆಯವರ ಕಣ್ಣಿಗೆ ಅದು ಕೆಲಸ ಅಂತ ಕಂಡದ್ದು ಕಡಿಮೆ. ಅಡುಗೆ, ಮಕ್ಕಳು, ನೆಂಟರು ಎಲ್ಲ ಮುಗಿದ ಮೇಲೆ ಅರ್ಧ ರಾತ್ರಿವರೆಗೆ ಕೂತು ಲೆಕ್ಕ ತುಂಬಿಸುವುದು, ಕಡೆಗೆ ಬೆನ್ನುನೋವು ಮಾತ್ರ ಬಾಕಿ. ಲ್ಯಾಪ್‌ಟಾಪ್ ಹಿಡಿದ ಮಗಳಿಗೂ ಇವತ್ತು ಅದೇ ಪಾಡು ಬಂದಿದೆ. ಒಂದು ವ್ಯತ್ಯಾಸ ಏನೆಂದರೆ ಬೀಡಿಗೆ ಎಣಿಕೆ ಇತ್ತು, ಸಾವಿರ ಆದರೆ ಸಾವಿರ. ಲ್ಯಾಪ್‌ಟಾಪ್ ಕೆಲಸಕ್ಕೆ ಅದೂ ಇಲ್ಲ, ಫೋನ್ ಬಡಿದಷ್ಟು ಹೊತ್ತೂ ಕೆಲಸವೇ.

ಮೊದಲು ಸರಿ ಮಾಡಿಕೊಳ್ಳಬೇಕಾದದ್ದು ಗಡಿಯಾರ. ಯುಎಇ ಮತ್ತು ಒಮಾನ್ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕತಾರ್, ಕುವೈತ್, ಬಹ್ರೈನ್ ಎರಡೂವರೆ ಗಂಟೆ ಹಿಂದೆ. ದುಬೈಯಲ್ಲಿ ಬೆಳಗ್ಗೆ 9 ಅಂದರೆ ಇಲ್ಲಿ 10.30, ಅಲ್ಲಿ ಸಂಜೆ 6 ಅಂದರೆ ಇಲ್ಲಿ 7.30. ರಿಯಾದ್‌ನ ಆಫೀಸು 6ಕ್ಕೆ ಮುಚ್ಚುವಾಗ ಇಲ್ಲಿ ರಾತ್ರಿ 8.30 ಆಗಿರುತ್ತದೆ. ತುಂಬಾ ಮಂದಿ ಎಡವುವುದು ಇಲ್ಲೇ. ಊರಿನ ಗಂಟೆಗೆ 9ಕ್ಕೆ ಲಾಗಿನ್ ಆಗಿ, ಗಲ್ಫ್‌ನ ಗಂಟೆಗೆ ಎದ್ದೇಳುತ್ತಾರೆ. ದಿನಕ್ಕೆ ಒಂದೂವರೆಯಿಂದ ಎರಡೂವರೆ ಗಂಟೆ ಪುಕ್ಕಟೆ ಹೋಯಿತು. ಆ ಕಡೆಯ ಗಂಟೆಗೆ ಕೆಲಸ ಮುಗಿಯುವುದಾದರೆ ಶುರುವಾಗುವುದೂ ಆ ಕಡೆಯ ಗಂಟೆಗೇ ಆಗಬೇಕು. ಬೆಳಗ್ಗೆ 10ರ ತನಕ ಸಮಯ ನಿಮ್ಮದು: ನಡೆಯಲಿಕ್ಕೆ, ಮೀನು ತರಲಿಕ್ಕೆ, ಪರೀಕ್ಷೆಗೆ ಓದಲಿಕ್ಕೆ.

ಶುಕ್ರವಾರದ ವಿಷಯ ಸ್ವಲ್ಪ ಕಷ್ಟ. 2022ರ ಜನವರಿಯಲ್ಲಿ ಯುಎಇ ಫೆಡರಲ್ ಸರಕಾರಿ ಕಚೇರಿಗಳಿಗೆ ಶುಕ್ರವಾರ ಮಧ್ಯಾಹ್ನ 12ರ ತನಕ ಮಾತ್ರ ಕೆಲಸ ಅಂತ ಆಯಿತು, ಅಲ್ಲಿ ಜುಮಾ ಖುತುಬಾ 1.15ಕ್ಕೆ ಅಂತ ನಿಗದಿ ಆಯಿತು, 2026ರ ಜನವರಿಯಿಂದ ಅದು 12.45ಕ್ಕೆ ಬಂತು. ಆ 12.45 ಇಲ್ಲಿಯ 2.15. ಅಂದರೆ ಉಪ್ಪಳದ ಹುಡುಗ ಜುಮಾಕ್ಕೆ ಹೊರಡುವಾಗ ದುಬೈಯಲ್ಲಿ ಇನ್ನೂ 11 ಗಂಟೆ, ಫೈಲು ಮುಗಿಸುವ ಗಡಿಬಿಡಿ. ಬಾಸ್ ಮುಸ್ಲಿಮನೇ ಆಗಿದ್ದರೂ ಈ ವ್ಯತ್ಯಾಸ ಅವನಿಗೆ ನೆನಪಿರಲಿಕ್ಕಿಲ್ಲ. ಕೆಲಸಕ್ಕೆ ಸೇರುವಾಗಲೇ ಹೇಳಿ, ಕ್ಯಾಲೆಂಡರಿನಲ್ಲಿ ಆ ಒಂದೂವರೆ ಗಂಟೆ ಬ್ಲಾಕ್ ಮಾಡಿಟ್ಟರೆ ವಾರವಾರ ಅನುಮತಿ ಕೇಳುವ ತಾಪತ್ರಯ ಇಲ್ಲ. ಸೌದಿ, ಕತಾರ್, ಕುವೈತ್‌ಗಳಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಅಲ್ಲಿಗೆ ಕೆಲಸ ಮಾಡುವವರಿಗೆ ಜುಮಾದ ಚಿಂತೆ ಇಲ್ಲ, ಆದರೆ ಭಾನುವಾರದ ಮದುವೆ ತಪ್ಪಿತು. ಮಗ್ರಿಬ್ ಹೊತ್ತಿಗೆ ಎರಡೂ ಕಡೆಯವರಿಗೆ ಆಫೀಸು ಬಿಟ್ಟಿರುವುದಿಲ್ಲ. ಲುಹರ್, ಅಸರ್, ಮಗ್ರಿಬ್‌ಗೆ ಏಳುವುದನ್ನೇ ಕುರ್ಚಿಯಿಂದ ಏಳುವ ಸಮಯ ಮಾಡಿಕೊಂಡವರಿಗೆ ಫೋನಿನಲ್ಲಿ ಬೇರೆ ಅಲಾರಂ ಬೇಡ.

ಹೆಚ್ಚು ಹೊತ್ತು ಕೂತರೆ ಹೆಚ್ಚು ದುಡಿದ ಹಾಗೆ ಅಂತ ಕಾಣುತ್ತದೆ, ಲೆಕ್ಕ ಹಾಕಿದರೆ ಬೇರೆಯೇ. ತಿಂಗಳಿಗೆ 25,000 ಸಂಬಳ, 26 ದಿನ, ದಿನಕ್ಕೆ 8 ಗಂಟೆ ಆದರೆ ಗಂಟೆಗೆ ಸುಮಾರು 120 ರೂಪಾಯಿ. ಅದೇ ಸಂಬಳಕ್ಕೆ 11 ಗಂಟೆ ಕೂತರೆ ಗಂಟೆಗೆ 87. ಸುಮಾರು ಶೇ. 27 ಡಿಸ್ಕೌಂಟ್, ಅದೂ ಯಾರೂ ಕೇಳದೆ! ಅಂಗಡಿಯವನು ಹೀಗೆ ವ್ಯಾಪಾರ ಮಾಡಿದರೆ ವರ್ಷದೊಳಗೆ ಶಟರ್ ಎಳೆಯಬೇಕಾದೀತು. ಮೇಲಿಂದ ಕರೆಂಟು, ಇಂಟರ್‌ನೆಟ್ ಮನೆಯದ್ದು. ದೇಹದ ಖರ್ಚು ಬೇರೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35, ಹೃದ್ರೋಗದಿಂದ ಸಾಯುವ ಅಪಾಯ ಶೇ. 17 ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. ದಿನಕ್ಕೆ 11 ಗಂಟೆಯಂತೆ ಆರು ದಿನ ಅಂದರೆ 66.

ಸ್ವಂತವಾಗಿ ಕೆಲಸ ಹಿಡಿದು ಮಾಡುವವರು ಅದಕ್ಕೆಂದೇ ಬೇರೆ ಬ್ಯಾಂಕ್ ಖಾತೆ ಇಡಬೇಕು. ಮನೆ ಖರ್ಚಿನ ಜೊತೆ ಕಲಸಿದರೆ ಲಾಭ ಯಾವುದು, ನಷ್ಟ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಕೂರುವ ಜಾಗಕ್ಕೆ ದೊಡ್ಡ ಖರ್ಚು ಬೇಡ. ಹಾಸಿಗೆ ಮೇಲೆ ಮಾತ್ರ ಬೇಡವೇ ಬೇಡ. ಲ್ಯಾಪ್‌ಟಾಪ್ ಅಡಿಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಮಾಡಿ, ಬೇರೆ ಕೀಬೋರ್ಡ್ ಮತ್ತು ಮೌಸ್ ಬಳಸಿದರೆ ಕುತ್ತಿಗೆ ಬಗ್ಗುವುದು ತಪ್ಪುತ್ತದೆ. 20 ನಿಮಿಷಕ್ಕೊಮ್ಮೆ 20 ಸೆಕೆಂಡು, 20 ಅಡಿ ದೂರದ ತೆಂಗಿನ ಮರವನ್ನೋ ಬಾವಿಕಟ್ಟೆಯನ್ನೋ ನೋಡಿದರೆ ಕಣ್ಣಿಗೆ ವಿಶ್ರಾಂತಿ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಹೊಸತೇನಲ್ಲ. ರೌಟರಿಗೆ ಒಂದು ಸಣ್ಣ ಯುಪಿಎಸ್, ಫೋನಿನಲ್ಲಿ ಬೇರೆ ಕಂಪೆನಿಯ ಡಾಟಾ ಸಿಮ್ ಇದ್ದರೆ ಕೆಲಸ ನಿಲ್ಲಲಿಕ್ಕಿಲ್ಲ.

ಇಷ್ಟೆಲ್ಲ ಇದ್ದೂ ಮನೆಯವರು ಒಪ್ಪದಿದ್ದರೆ ಏನೂ ಆಗುವುದಿಲ್ಲ. ಗಂಡು ಹುಡುಗ ಲ್ಯಾಪ್‌ಟಾಪ್ ಮುಂದೆ ಕೂತರೆ 'ಅವನಿಗೆ ಮೀಟಿಂಗ್ ಉಂಟು, ಗಲಾಟೆ ಮಾಡಬೇಡಿ' ಅಂತಾರೆ. ಸೊಸೆ ಕೂತರೆ 'ಮನೆಯಲ್ಲೇ ಇದ್ದಾಳಲ್ಲ, ಸ್ವಲ್ಪ ಚಾ ಮಾಡಲಿ' ಅಂತಾರೆ. ಅವಳ ಸಂಬಳದಿಂದಲೇ ಮಕ್ಕಳ ಸ್ಕೂಲ್ ವ್ಯಾನಿನ ಹಣ ಹೋಗುತ್ತಿದ್ದರೂ ಇದು ಬದಲಾಗುವುದಿಲ್ಲ. ಕೋಣೆಯ ಬಾಗಿಲಿಗೆ ಅವಳ ಡ್ಯೂಟಿಯ ಸಮಯ ಬರೆದು ಅಂಟಿಸಿದ ಮನೆಗಳುಂಟು. ನೋಡಿದ ನೆಂಟರು ನಕ್ಕರೂ ಹೊತ್ತು ನೋಡಿಯೇ ಬಾಗಿಲು ತಟ್ಟುತ್ತಾರೆ. ಆ ಹೊತ್ತಿನಲ್ಲಿ ಚಾ ಮಾಡಲಿಕ್ಕೆ ಮನೆಯಲ್ಲಿ ಬೇರೆ ಕೈಗಳಿವೆ, ಗಂಡಸರದ್ದೂ ಸೇರಿ.