ನೆರೆಮನೆಯ ದನಿ

ಒಂದು ದೇಶದ ಚರಿತ್ರೆಯನ್ನು ಬರೆಯುವವರು ಯುದ್ಧಗಳನ್ನೂ ಒಪ್ಪಂದಗಳನ್ನೂ ಚುನಾವಣೆಗಳನ್ನೂ ಎಣಿಸುತ್ತಾರೆ. ಆ ದೇಶದ ಮಕ್ಕಳು ಸಂಜೆಯ ಹೊತ್ತು ಏನನ್ನು ನೋಡುತ್ತಿದ್ದರು, ಯಾರ ದನಿಯನ್ನು ಕೇಳುತ್ತಿದ್ದರು ಎಂಬ ವಿಷಯ ಅಂಥ ಗ್ರಂಥಗಳಲ್ಲಿ ಬರುವುದು ಅಪರೂಪ. ಆದರೆ ಮನೆಯಲ್ಲಿ ರೇಡಿಯೋ ಇಟ್ಟುಕೊಂಡಿರುವ ನಿಮಗೆ ಇದರ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ಪೆಟ್ಟಿಗೆಯೊಳಗಿನಿಂದ ಬರುವ ದನಿ ದಿನ ಕಳೆದಂತೆ ಮನೆಯವರಲ್ಲೊಬ್ಬರ ದನಿಯೇ ಆಗಿಬಿಡುತ್ತದೆ. ಹಾಗಾದ ಮೇಲೆ ಆ ದನಿ ಯಾವ ಭಾಷೆಯದು, ಎಲ್ಲಿಂದ ಬಂತು ಎಂಬುದು ಸಣ್ಣ ಮಾತಾಗಿ ಉಳಿಯುವುದಿಲ್ಲ.

ದಕ್ಷಿಣ ಕೊರಿಯಾದಲ್ಲಿ ಅನಿಪ್ಲಸ್ ಎಂಬ ಒಂದು ಪ್ರಸಾರ ಸಂಸ್ಥೆ ಇದೆ. ಜಪಾನಿನಲ್ಲಿ ತಯಾರಾಗುವ, 'ಅನಿಮೆ' ಎಂದು ಲೋಕಪ್ರಸಿದ್ಧವಾದ ಕಾರ್ಟೂನ್ ಚಿತ್ರಗಳನ್ನು ತರಿಸಿ ಪ್ರಸಾರ ಮಾಡುವುದು, ಹಂಚುವುದು ಅದರ ಉದ್ಯೋಗ. 2009ರಲ್ಲಿ ಒಂದು ಟೆಲಿವಿಷನ್ ವಾಹಿನಿಯಾಗಿ ಆರಂಭವಾದ ಈ ಸಂಸ್ಥೆ ಇಂದು ಆ ದೇಶದಲ್ಲಿ ಈ ವ್ಯಾಪಾರದ ಮುಖ್ಯ ಹೆಸರುಗಳಲ್ಲಿ ಒಂದು. ಮೇಲ್ನೋಟಕ್ಕೆ ಇದು ವ್ಯಾಪಾರದ ಕಥೆ. ಆದರೆ ಈ ಸಂಸ್ಥೆ ಜಪಾನೀ ಮಾತನ್ನು ಮರೆಮಾಚದೆ, ಮೂಲದ ದನಿಯಲ್ಲಿಯೇ ಕೊರಿಯಾದ ಮನೆಗಳಿಗೆ ಮುಟ್ಟಿಸಿತು ಎಂದು ತಿಳಿದಾಗ ಇದರ ಹಿಂದೆ ನೂರು ವರ್ಷಗಳ ಚರಿತ್ರೆ ನಿಂತಿರುವುದು ಕಾಣುತ್ತದೆ. ಅದನ್ನು ಸ್ವಲ್ಪ ಹಿಂದಿನಿಂದಲೇ ನೋಡಬೇಕು.

1910ರಿಂದ 1945ರವರೆಗೆ ಕೊರಿಯಾ ದೇಶ ಜಪಾನಿನ ಆಳ್ವಿಕೆಯಲ್ಲಿತ್ತು. ಆಳಿದವರು ಭೂಮಿಯನ್ನಷ್ಟೇ ಹಿಡಿದುಕೊಳ್ಳಲಿಲ್ಲ, ನಾಲಗೆಯನ್ನೂ ಹಿಡಿದುಕೊಂಡರು. 1938ರ ನಂತರ ಶಾಲೆಗಳಿಂದ ಕೊರಿಯನ್ ಭಾಷೆಯ ಪಾಠ ಮರೆಯಾಗತೊಡಗಿತು. 1940ರಲ್ಲಿ ಜನರು ತಮ್ಮ ವಂಶದ ಹೆಸರುಗಳನ್ನೇ ಬಿಟ್ಟು ಜಪಾನೀ ರೀತಿಯ ಹೆಸರುಗಳನ್ನು ಇಟ್ಟುಕೊಳ್ಳಬೇಕೆಂಬ ಒತ್ತಾಯ ಬಂತು. 1942ರಲ್ಲಿ ಕೊರಿಯನ್ ಭಾಷೆಗೆ ನಿಘಂಟನ್ನು ಸಿದ್ಧಪಡಿಸುತ್ತಿದ್ದ ವಿದ್ವಾಂಸರು ಸೆರೆಮನೆ ಸೇರಿದರು. ತಾಯಿಯ ಮಾತಿಗೆ ಇಷ್ಟು ಕಷ್ಟ ಬಂದುದನ್ನು ಕಂಡ ಜನ, ಸ್ವತಂತ್ರರಾದ ಮೇಲೆ ಜಪಾನಿನ ಹಾಡು, ಚಲಚ್ಚಿತ್ರ, ನಾಟಕಗಳಿಗೆ ತಮ್ಮ ದೇಶದ ಬಾಗಿಲನ್ನು ಮುಚ್ಚಿದುದರಲ್ಲಿ ಆಶ್ಚರ್ಯವೇನಿದೆ? 1965ರಲ್ಲಿ ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧ ಮತ್ತೆ ಏರ್ಪಟ್ಟ ಮೇಲೂ ಆ ಬಾಗಿಲು ಮುಚ್ಚಿಯೇ ಇತ್ತು.

ಮುಂಬಾಗಿಲು ಮುಚ್ಚಿದ್ದರೂ ಹಿತ್ತಿಲ ಬಾಗಿಲೊಂದು ತೆರೆದಿತ್ತು ಎಂಬುದು ಈ ಕಥೆಯ ಸ್ವಾರಸ್ಯ. ಟೆಲಿವಿಷನ್ ಕೇಂದ್ರಗಳಿಗೆ ಮಕ್ಕಳ ಕಾರ್ಯಕ್ರಮಗಳು ಬೇಕಾಗಿದ್ದವು. ಸ್ವಂತವಾಗಿ ತಯಾರಿಸಲು ಹಣ ಸಾಲದು. ಪಕ್ಕದ ದೇಶದಲ್ಲಿಯೋ ಅವು ಹೇರಳವಾಗಿ ತಯಾರಾಗುತ್ತಿದ್ದವು. ಆದಕಾರಣ ಜಪಾನಿನ ಕಾರ್ಟೂನುಗಳು ವೇಷ ಬದಲಿಸಿಕೊಂಡು ಬಂದವು. 1975ರಲ್ಲಿ 'ಮಾಜಿಂಗರ್ ಝಡ್' ಬಂತು, 1977ರಲ್ಲಿ 'ಕ್ಯಾಂಡಿ' ಬಂತು, 1980ರ ದಶಕದ ಆರಂಭದಲ್ಲಿ 'ಗೆಲಾಕ್ಸಿ ಎಕ್ಸ್‌ಪ್ರೆಸ್ 999' ಬಂತು. ಪಾತ್ರಗಳಿಗೆ ಕೊರಿಯನ್ ಹೆಸರುಗಳನ್ನು ಇಟ್ಟರು. ಕಿಮೋನೊ ಉಟ್ಟ ದೃಶ್ಯಗಳನ್ನೂ ಜಪಾನೀ ಲಿಪಿಯ ಫಲಕಗಳನ್ನೂ ಕತ್ತರಿಸಿದರು, ಇಲ್ಲವೇ ಮರೆಮಾಡಿದರು. ಹೊಸ ಶೀರ್ಷಿಕೆ ಗೀತೆಗಳನ್ನು ಕೊರಿಯಾದ ಗಾಯಕರಿಂದಲೇ ಹಾಡಿಸಿದರು; 'ಎಕ್ಸ್‌ಪ್ರೆಸ್ 999'ಕ್ಕೆ ಕಿಮ್ ಕುಕ್-ಹ್ವಾನ್ ಹಾಡಿದ ಹಾಡನ್ನು ಆ ಕಾಲದ ಮಕ್ಕಳು ಇಂದಿಗೂ ಗುನುಗುತ್ತಾರೆ. ಈ ಕಥೆಗಳು ತಮ್ಮವೇ ಎಂದು ನಂಬಿಕೊಂಡು ಒಂದು ತಲೆಮಾರೇ ಬೆಳೆಯಿತು. ಅವು ಎಲ್ಲಿಂದ ಬಂದವೆಂದು ದೊಡ್ಡವರಾದ ಮೇಲೆ ತಿಳಿದಾಗ ಎಷ್ಟೋ ಮಂದಿಗೆ ಮನಸ್ಸು ಕಸಿವಿಸಿಗೊಂಡಿತು.

ಆ ಪಾತ್ರಗಳಿಗೆ ಕೊರಿಯನ್ ದನಿ ಕೊಟ್ಟವರ ವಿಷಯ ರೇಡಿಯೋ ಕೇಳುವ ನಿಮಗೆ ರುಚಿಸಬಹುದು. 1950ರ ದಶಕದಿಂದಲೂ ಅಲ್ಲಿಯ ಆಕಾಶವಾಣಿ ನಾಟಕಗಳಿಗೆ ಪರೀಕ್ಷೆ ನಡೆಸಿ ಕಲಾವಿದರನ್ನು ಆರಿಸಿಕೊಳ್ಳುವ ಪದ್ಧತಿ ಬೆಳೆದಿತ್ತು. ಕಣ್ಣಿಗೆ ಕಾಣದೆ, ಬರಿಯ ಕಂಠದಿಂದ ಒಬ್ಬ ಮುದುಕನನ್ನೋ ಒಂದು ಮಗುವನ್ನೋ ಎದುರಿಗೆ ತಂದು ನಿಲ್ಲಿಸಬಲ್ಲ ಆ ರೇಡಿಯೋ ಪರಂಪರೆಯವರೇ ಮುಂದೆ ಕಾರ್ಟೂನುಗಳ ದನಿಯಾದರು. ಜಪಾನಿನ ಚಿತ್ರಗಳನ್ನು ಕೊರಿಯಾದ ಮನೆಮಾತಿಗೆ ಒಗ್ಗಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಇವರಿಗೆ ಸಲ್ಲಬೇಕು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ನೋಡುವ ಮಕ್ಕಳಿಗೆ ತಿಳಿಯದಿದ್ದ ಸಂಗತಿ ಬರೆಯುವ ಕೈಗಳಿಗೆ ತಿಳಿದಿತ್ತು. ಕಾರ್ಟೂನು ಚಲಿಸುವಂತೆ ಕಾಣಬೇಕಾದರೆ ಅರ್ಧ ಗಂಟೆಯ ಒಂದು ಕಂತಿಗೆ ಸಾವಿರಾರು ಚಿತ್ರಗಳು ಬೇಕು. ಮುಖ್ಯ ಭಂಗಿಗಳನ್ನು ಒಬ್ಬರು ಬರೆದರೆ ಅವುಗಳ ನಡುವಿನ ಚಲನೆಯನ್ನು ಹತ್ತಾರು ಮಂದಿ ಬರೆದು, ಬಣ್ಣ ತುಂಬಬೇಕು. ಜಪಾನಿನಲ್ಲಿ ಕೂಲಿ ಹೆಚ್ಚಿದಂತೆ ಈ ಕೆಲಸ ಸಮುದ್ರ ದಾಟಿ ಕೊರಿಯಾಕ್ಕೆ ಬಂತು. 1967ರಲ್ಲಿಯೇ 'ಗೋಲ್ಡನ್ ಬ್ಯಾಟ್' ಎಂಬ ಸರಣಿಯನ್ನು ಕೊರಿಯಾದ ತೊಂಗ್ಯಾಂಗ್ ಪ್ರಸಾರ ಸಂಸ್ಥೆ ಜಪಾನಿನವರೊಡನೆ ಸೇರಿ ತಯಾರಿಸಿತ್ತು. 1973ರಲ್ಲಿ ಜುಂಗ್ ಉಕ್ ಎಂಬವರು ಒಂದು ಚಿತ್ರಶಾಲೆಯನ್ನು ತೆರೆದರು. 1977ರಲ್ಲಿ ದೇವೊನ್ ಎಂಬ ಹೆಸರು ಪಡೆದ ಅದು ಜಪಾನಿನ ತೋಯೆಯಿ ಸಂಸ್ಥೆಗಾಗಿ ಚಿತ್ರ ಬರೆಯುತ್ತಿತ್ತು. ಮೇಲೆ ಹೇಳಿದ 'ಎಕ್ಸ್‌ಪ್ರೆಸ್ 999'ರ ಕೆಲಸವೂ ಅದರಲ್ಲಿ ಸೇರಿತ್ತು. ಅಂದರೆ ಜಪಾನಿನದೆಂದು ಹೇಳಿಕೊಳ್ಳಲಾಗದ ಆ ಚಿತ್ರದಲ್ಲಿ ಕೊರಿಯಾದವರ ಬೆವರೂ ಇತ್ತು.

ಕೂಲಿಗಾಗಿ ಬರೆದ ಕೈ ಕ್ರಮೇಣ ಸ್ವಂತಕ್ಕೂ ಬರೆಯಿತು. ಸೋಲ್ ನಗರದಲ್ಲಿ 1988ರ ಒಲಿಂಪಿಕ್ ಕ್ರೀಡೆಗಳು ನಡೆಯಲಿದ್ದಾಗ, ಹೊರಗಿನವರು ಬಂದು ನೋಡುವ ನಮ್ಮ ಟೆಲಿವಿಷನ್ನಿನಲ್ಲಿ ನಮ್ಮದೇ ಕಾರ್ಟೂನು ಇಲ್ಲದಿದ್ದರೆ ಹೇಗೆ ಎಂಬ ಅಭಿಮಾನ ಅಲ್ಲಿಯವರಲ್ಲಿ ಎದ್ದಿತು. 1987ರಲ್ಲಿ 'ಅಲೆಮಾರಿ ಕಾಚಿ', 1988ರಲ್ಲಿ ತಾಯಿಯಿಲ್ಲದ ಓಟಗಾರ್ತಿ ಹುಡುಗಿಯ ಕಥೆಯಾದ 'ಓಡು ಹಾನಿ' ದೇವೊನ್ ಸಂಸ್ಥೆಯಿಂದಲೇ ತಯಾರಾದವು. 1991ರಲ್ಲಿ ಅದೇ ಬಳಗ ಮಕ್ಕಳ ಚಿತ್ರಕಥೆಯ ವಾರಪತ್ರಿಕೆಯೊಂದನ್ನು ಹೊರಡಿಸಿತು. ಅದರಲ್ಲಿ 1992ರಿಂದ 'ಸ್ಲ್ಯಾಮ್ ಡಂಕ್' ಎಂಬ ಜಪಾನೀ ಬಾಸ್ಕೆಟ್‌ಬಾಲ್ ಕಥೆ ಪ್ರಕಟವಾಗತೊಡಗಿತು. ಅದರ ನಾಯಕ ಸಕುರಾಗಿ ಹನಮಿಚಿ. ಸಕುರಾ ಎಂದರೆ ಜಪಾನೀಯರ ಪ್ರೀತಿಯ ಚೆರಿ ಹೂವಿನ ಮರ. ಆ ಹೆಸರು ಕೊರಿಯಾದಲ್ಲಿ ಹೇಗೆ ನಡೆದೀತು? ಅವನು ಅಲ್ಲಿ ಕಾಂಗ್ ಬೆಕ್-ಹೋ ಆದ. ಬೆಕ್-ಹೋ ಎಂದರೆ ಬಿಳಿ ಹುಲಿ. 1940ರಲ್ಲಿ ಕೊರಿಯಾದವರ ಹೆಸರುಗಳು ಬದಲಾಗಿದ್ದವು. ಐವತ್ತು ವರ್ಷಗಳ ಮೇಲೆ ಜಪಾನಿನ ಒಬ್ಬ ಕಥಾನಾಯಕನ ಹೆಸರು ಬದಲಾಯಿತು. ಈ ಹುಡುಗನನ್ನು ನೆನಪಿನಲ್ಲಿಟ್ಟುಕೊಳ್ಳಿ. ಅವನು ಮತ್ತೆ ಬರುತ್ತಾನೆ.

ಬಾಗಿಲು ಬಹಿರಂಗವಾಗಿ ತೆರೆದುದು 1998ರಲ್ಲಿ. ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಅಧ್ಯಕ್ಷ ಕಿಮ್ ದೇ-ಜುಂಗ್ ಅವರು ಟೋಕಿಯೋಗೆ ಹೋಗಿ ಜಪಾನಿನ ಪ್ರಧಾನಿ ಕೇಜೋ ಒಬುಚಿ ಅವರೊಡನೆ ಜಂಟಿ ಘೋಷಣೆಗೆ ಸಹಿ ಮಾಡಿದರು. ಹಿಂದಿನ ಆಳ್ವಿಕೆಯ ಬಗ್ಗೆ ಜಪಾನು ಅದರಲ್ಲಿ ಪಶ್ಚಾತ್ತಾಪವನ್ನು ಬರವಣಿಗೆಯಲ್ಲಿ ವ್ಯಕ್ತಪಡಿಸಿತು. ಅದೇ ತಿಂಗಳು ಜಪಾನಿನ ಚಿತ್ರಕಥೆ ಪುಸ್ತಕಗಳಿಗೂ ಪ್ರಶಸ್ತಿ ಪಡೆದ ಕೆಲವು ಚಲಚ್ಚಿತ್ರಗಳಿಗೂ ಅನುಮತಿ ಸಿಕ್ಕಿತು. ಮುಂದೆ 1999, 2000 ಮತ್ತು 2004ರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇನ್ನಷ್ಟು ಅನುಮತಿಗಳು ಬಂದವು. ನಮ್ಮ ಕಲಾವಿದರು ಕೊಚ್ಚಿಹೋಗುತ್ತಾರೆ ಎಂಬ ಭೀತಿ ಕೊರಿಯಾದಲ್ಲಿ ಆಗ ಬಹಳವಾಗಿತ್ತು. ಅದು ಅಕಾರಣವಾದ ಭೀತಿಯೆಂದು ಹೇಳಲಾಗದು. ಆದರೆ ನಡೆದದ್ದು ಬೇರೆ. 2003ರಲ್ಲಿ ಕೊರಿಯಾದ 'ಚಳಿಗಾಲದ ಗೀತೆ' ಎಂಬ ಧಾರಾವಾಹಿ ಜಪಾನಿನ ಸಾರ್ವಜನಿಕ ಟೆಲಿವಿಷನ್ನಿನಲ್ಲಿ ಬಂದು ಅಲ್ಲಿಯ ಗೃಹಿಣಿಯರ ಮನ ಗೆದ್ದಿತು. ಅದೇ ವರ್ಷ ಹುಟ್ಟಿದ 'ಪೊರೊರೊ' ಎಂಬ ಕೊರಿಯನ್ ಪೆಂಗ್ವಿನ್ ಮರಿ ಹೊರದೇಶಗಳ ಮಕ್ಕಳಿಗೂ ಗೆಳೆಯನಾಯಿತು. ಸರ್ಕಾರವೂ ಸುಮ್ಮನಿರಲಿಲ್ಲ: ದೊಡ್ಡ ಟೆಲಿವಿಷನ್ ಕೇಂದ್ರಗಳು ಪ್ರಸಾರದ ಹೊತ್ತಿನಲ್ಲಿ ನೂರಕ್ಕೆ ಒಂದು ಪಾಲನ್ನಾದರೂ ಸ್ವದೇಶದ ಹೊಸ ಕಾರ್ಟೂನುಗಳಿಗೆ ಮೀಸಲಿಡಬೇಕೆಂದು 2005ರಲ್ಲಿ ನಿಯಮ ತಂದಿತು.

ಇಷ್ಟರಲ್ಲಿ ಪ್ರಸಾರದ ಯಂತ್ರವೂ ಬದಲಾಗಿತ್ತು. 1995ರ ಮಾರ್ಚಿಯಲ್ಲಿ ಕೊರಿಯಾಕ್ಕೆ ಕೇಬಲ್ ಟೆಲಿವಿಷನ್ ಬಂತು. ಡಿಸೆಂಬರಿನಲ್ಲಿ ಕಾರ್ಟೂನುಗಳಿಗಾಗಿಯೇ ಟೂನಿವರ್ಸ್ ಎಂಬ ವಾಹಿನಿ ಆರಂಭವಾಯಿತು. ಜಪಾನಿನ ಸೋನಿ ಬಳಗದ ಅನಿಮ್ಯಾಕ್ಸ್ 2006ರಲ್ಲಿ ಬಂತು. ಟೂನಿವರ್ಸ್ ವಾಹಿನಿಯ ಹೆಚ್ಚಿನ ಪ್ರಸಾರ ಕೊರಿಯನ್ ದನಿಯಲ್ಲಿ, ಮುಖ್ಯವಾಗಿ ಮಕ್ಕಳಿಗಾಗಿ. ಆದರೆ ಹಿತ್ತಿಲ ಬಾಗಿಲಿನ ಕಾಲದಲ್ಲಿ ಮಕ್ಕಳಾಗಿದ್ದವರು ಈಗ ಯುವಕರಾಗಿದ್ದರು. ಅವರಿಗೆ ಮೂಲದ ರುಚಿ ಬೇಕಾಗಿತ್ತು. ಅದೂ ಬೇಗ ಬೇಕಾಗಿತ್ತು. ಜಪಾನಿನಲ್ಲಿ ನಿನ್ನೆ ಬಂದ ಕಂತು ಇಲ್ಲಿಗೆ ಬರಲು ಒಂದು ವರ್ಷ ಕಾಯುವವರಾರು? ಅಂತರಜಾಲದಲ್ಲಿ ಕಳ್ಳಪ್ರತಿಗಳು ಹರಿದಾಡಿದವು. ಉತ್ಸಾಹಿಗಳು ರಾತ್ರಿಯೆಲ್ಲ ಎದ್ದಿದ್ದು ತಾವೇ ಅಡಿಬರಹಗಳನ್ನು ಬರೆದು ಹಂಚಿದರು. ನೋಡುವವರಿದ್ದರು, ಅನುವಾದಿಸುವವರಿದ್ದರು, ಮೂಲ ಕಲಾವಿದನಿಗೆ ಮಾತ್ರ ಒಂದು ಕಾಸೂ ಸೇರುತ್ತಿರಲಿಲ್ಲ.

ಅನಿಪ್ಲಸ್ 2009ರಲ್ಲಿ ಕಾಲಿಟ್ಟದ್ದು ಈ ಜಾಗಕ್ಕೆ. ಅದರ ಉಪಾಯ ಸರಳವಾದುದು. ಕಳ್ಳಪ್ರತಿಯನ್ನು ಬೈಯುವುದರಿಂದ ಅದು ನಿಲ್ಲದು. ಅದಕ್ಕಿಂತ ಚೆನ್ನಾದ, ಅಷ್ಟೇ ಬೇಗ ಸಿಗುವ ಪ್ರತಿಯನ್ನು ನ್ಯಾಯವಾಗಿ ಕೊಟ್ಟರೆ ಜನ ಬರುತ್ತಾರೆ. ಜಪಾನಿನಲ್ಲಿ ಹೊಸ ಸರಣಿಗಳು ಮೂರು ತಿಂಗಳಿಗೊಮ್ಮೆ, ಋತುಮಾನಕ್ಕೆ ತಕ್ಕಂತೆ ಆರಂಭವಾಗುತ್ತವೆ. ಅವುಗಳ ಹಕ್ಕನ್ನು ಮೊದಲೇ ಪಡೆದು, ಅಲ್ಲಿ ಪ್ರಸಾರವಾದ ಕೆಲವೇ ದಿನಗಳಲ್ಲಿ ಕೊರಿಯನ್ ಅಡಿಬರಹದೊಡನೆ ಇಲ್ಲಿ ತೋರಿಸುವುದು ಆ ಸಂಸ್ಥೆ ಹಿಡಿದ ದಾರಿ. ದನಿ ಮೂಲದ್ದೇ, ಹೆಸರುಗಳೂ ಮೂಲದವೇ. 2013ರಲ್ಲಿ ಅದು 'ಟೈಟನ್ನರ ಮೇಲೆ ದಾಳಿ' ಎಂಬ ಸರಣಿಯನ್ನು ತೋರಿಸಿದಾಗ, ಆ ಶೀರ್ಷಿಕೆಯ ಮೊದಲ ಪದ ಕೊರಿಯಾದ ದಿನನಿತ್ಯದ ಮಾತಿಗೂ ಇಳಿಯಿತು. ಪತ್ರಿಕೆಗಳು, ಜಾಹೀರಾತುಗಳು ಏನನ್ನಾದರೂ ದೊಡ್ಡದೆಂದು ಹೇಳಬೇಕಾದಾಗ ಅದರ ಹಿಂದೆ ಆ ಪದವನ್ನು ಅಂಟಿಸತೊಡಗಿದವು.

ಮುಂದಿನ ಬೆಳವಣಿಗೆಯನ್ನು ಹೀಗೆ ಸಂಗ್ರಹಿಸಬಹುದು. ಒಂದು ಕಥೆಯ ಹಕ್ಕನ್ನು ಕೊಂಡವನಿಗೆ ಟೆಲಿವಿಷನ್ ಒಂದೇ ಆದಾಯವಲ್ಲ. ಅಂತರಜಾಲದ ವೀಕ್ಷಣೆ, ಗೊಂಬೆ ಮತ್ತು ಚಿತ್ರಪಟಗಳ ಅಂಗಡಿ, ಪ್ರದರ್ಶನಗಳು ಎಲ್ಲವೂ ಒಂದೇ ಮರದ ಕೊಂಬೆಗಳು. ಅನಿಪ್ಲಸ್ ಈ ಕೊಂಬೆಗಳನ್ನೆಲ್ಲ ಹಿಡಿಯಿತು. ಆಗ್ನೇಯ ಏಷ್ಯಾಕ್ಕೂ ತನ್ನ ವಾಹಿನಿಯನ್ನು ಒಯ್ದಿತು. ಸಿಂಗಪುರದ ಮನೆಯೊಂದರಲ್ಲಿ ಕೊರಿಯಾದ ಸಂಸ್ಥೆಯ ಮೂಲಕ ಜಪಾನಿನ ಚಿತ್ರವನ್ನು ನೋಡುವ ಕಾಲವೂ ಬಂತು. 2020ರಲ್ಲಿ ಸೋನಿ ಬಳಗ ತನ್ನ ಅನಿಮ್ಯಾಕ್ಸ್ ಕೊರಿಯಾದ ಪಾಲನ್ನು ಅನಿಪ್ಲಸ್‌ಗೆ ಬಿಟ್ಟುಕೊಟ್ಟಿತು. 2022ರಲ್ಲಿ, ಅಂತರಜಾಲದಲ್ಲಿ ಅನಿಮೆಗಳನ್ನೇ ಒದಗಿಸುವ ಲಾಫ್ಟೆಲ್ ಕೂಡ ಅದರ ತೆಕ್ಕೆಗೆ ಸೇರಿತು. ಹದಿಮೂರು ವರ್ಷಗಳಲ್ಲಿ ಒಂದು ಸಣ್ಣ ವಾಹಿನಿ ಇಷ್ಟು ದೂರ ಬಂದಿತ್ತು.

ಇದರಿಂದ ನಷ್ಟವಾದವರು ಯಾರೂ ಇಲ್ಲವೆಂದು ನೀವು ತಿಳಿಯಬಾರದು. ಅಡಿಬರಹ ಬಂದ ಕಡೆ ಕಂಠಕ್ಕೆ ಕೆಲಸ ಕಡಿಮೆಯಾಗುತ್ತದೆ. ರೇಡಿಯೋ ನಾಟಕದಿಂದ ಬೆಳೆದ ಆ ದನಿಗಳ ಪರಂಪರೆಗೆ ಇದು ಕಷ್ಟದ ಕಾಲ. ಓದಲು ಇನ್ನೂ ಬಾರದ ಮಗುವಿಗೆ, ಕಣ್ಣು ಕಾಣದವರಿಗೆ, ಅಕ್ಷರ ಸಣ್ಣದೆನ್ನುವ ವೃದ್ಧರಿಗೆ ಅಡಿಬರಹದಿಂದ ಪ್ರಯೋಜನವೇನು? ಮೂಲದ ದನಿಗೆ ಗೌರವ ಕೊಡುವುದು ಒಂದು ಧರ್ಮವಾದರೆ, ಕೇಳುವವನ ತಾಯಿಮಾತಿಗೆ ಗೌರವ ಕೊಡುವುದೂ ಒಂದು ಧರ್ಮ. ಈ ತಕ್ಕಡಿ ಅಲ್ಲಿ ಇನ್ನೂ ತೂಗುತ್ತಲೇ ಇದೆ.

ಹಳೆಯ ಗಾಯವೂ ಪೂರ್ತಿ ಮಾಯ್ದಿಲ್ಲ. 2019ರಲ್ಲಿ ಎರಡು ದೇಶಗಳ ನಡುವೆ ವ್ಯಾಪಾರದ ಜಗಳ ಎದ್ದು, ಕೊರಿಯಾದಲ್ಲಿ ಜಪಾನಿನ ಸರಕನ್ನು ಬಹಿಷ್ಕರಿಸುವ ಚಳವಳಿ ನಡೆಯಿತು. 2021ರ ಜನವರಿಯಲ್ಲಿ 'ರಾಕ್ಷಸ ಸಂಹಾರಿ' ಸರಣಿಯ ಚಲಚ್ಚಿತ್ರ ಅಲ್ಲಿ ತೆರೆಕಂಡಾಗ ನಾಯಕನ ಕಿವಿಯ ಓಲೆಯ ಚಿತ್ರವನ್ನು ಬದಲಿಸಿ ತೋರಿಸಬೇಕಾಯಿತು. ಅದರ ಕಿರಣಗಳು ಜಪಾನೀ ಸೈನ್ಯದ ಉದಯಸೂರ್ಯ ಧ್ವಜವನ್ನು ನೆನಪಿಗೆ ತರುತ್ತಿದ್ದವು. ಓಲೆ ಬದಲಾಯಿತು, ಆದರೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಹೋಗಿ ಚಿತ್ರವನ್ನು ನೋಡಿದರು. ನೆನಪನ್ನು ಬಿಡದೆಯೂ ನೆರೆಯವನ ಕಥೆಗೆ ಕಿವಿಗೊಡಬಹುದು ಎಂಬುದನ್ನು ಕೊರಿಯಾದ ಪ್ರೇಕ್ಷಕರು ಹೀಗೆ ಕಂಡುಕೊಂಡರು.

ಈಗ ಆ ಬಾಸ್ಕೆಟ್‌ಬಾಲ್ ಹುಡುಗನ ಸಂಗತಿ. 2023ರ ಜನವರಿ 4ರಂದು 'ಸ್ಲ್ಯಾಮ್ ಡಂಕ್' ಕಥೆ ಚಲಚ್ಚಿತ್ರವಾಗಿ ಕೊರಿಯಾಕ್ಕೆ ಬಂತು. ಹಿಂದೆ ವಾರಪತ್ರಿಕೆಗಾಗಿ ಕಾದು ಕುಳಿತಿದ್ದ ಮಕ್ಕಳು ಈಗ ಮೂವತ್ತು ನಲವತ್ತರ ಗೃಹಸ್ಥರಾಗಿ ಚಿತ್ರಮಂದಿರಗಳಿಗೆ ಹೋದರು. ನಲವತ್ತು ಲಕ್ಷಕ್ಕೂ ಹೆಚ್ಚು ಟಿಕೆಟುಗಳು ಮಾರಾಟವಾದವು. ಕೊರಿಯನ್ ದನಿಯ ಪ್ರತಿ, ಜಪಾನೀ ದನಿಯ ಪ್ರತಿ ಎರಡೂ ಇದ್ದವು; ಬೇಕಾದವರು ಬೇಕಾದುದನ್ನು ಆರಿಸಿಕೊಂಡರು. ಜಪಾನೀ ದನಿಯ ಪ್ರತಿಯಲ್ಲಿ ಗೆಳೆಯರು ನಾಯಕನನ್ನು 'ಸಕುರಾಗಿ' ಎಂದು ಕೂಗುತ್ತಾರೆ. ತೆರೆಯ ಅಡಿಯಲ್ಲಿ ಮೂಡುವ ಹೆಸರು ಮಾತ್ರ 'ಬೆಕ್-ಹೋ'. ಕಿವಿಗೆ ಒಂದು ಹೆಸರು, ಕಣ್ಣಿಗೆ ಇನ್ನೊಂದು. ಪ್ರೇಕ್ಷಕರಿಗೆ ಅದರಲ್ಲಿ ಯಾವ ತೊಡಕೂ ಕಾಣಲಿಲ್ಲ. ಇಬ್ಬರೂ ಒಬ್ಬನೇ ಎಂಬುದು ಅವರಿಗೆ ಬಾಲ್ಯದಿಂದ ಗೊತ್ತಿತ್ತು.